ಬಾಲಿಯ ಮಳೆಯನ್ನೂ ಹಬ್ಬವನ್ನೂ ತಪ್ಪಿಸಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುಟದಲ್ಲಿ ಬಾಲಿಗೆ ಹೊರಟವರಿಗೆ ಕೊಟ್ಟಿದ್ದ ಸಲಹೆಗಳನ್ನು ಓದಿದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ, ಹೋಗಬೇಡಿ. ನ್ಯೆಪಿ, ಅಂದರೆ ಬಾಲಿಯ ಮೌನದ ಹೊಸವರ್ಷದ ದಿನ, ಎಲ್ಲ ಬಂದ್, ಆ ವಾರ ಬಿಟ್ಟುಬಿಡಿ. ಹಬ್ಬದ ಮೆರವಣಿಗೆ ಇದ್ದರೆ ರಸ್ತೆ ಸಿಗುವುದಿಲ್ಲ, ಬೇರೆ ದಾರಿ ಹಿಡಿಯಿರಿ. ಇಷ್ಟನ್ನೂ ಬಿಟ್ಟ ಮೇಲೆ ಬಾಲಿಯಲ್ಲಿ ನೋಡಲು ಉಳಿಯುವುದೇನು? ಬೆಂಗಳೂರಿನಿಂದ ನೇರ ವಿಮಾನ ಶುರುವಾದ ಮೇಲೆ ಕನ್ನಡದವರು ಇಲ್ಲಿಗೆ ಬರುವುದು ಜಾಸ್ತಿ ಆಗಿದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಗಂಡನ ಕೆಲಸದ ಕಾರಣಕ್ಕೆ ನಾವು ಕೆಲವು ವರ್ಷಗಳಿಂದ ಗಿಯಾನ್ಯಾರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಬಾಡಿಗೆಗಿದ್ದೇವೆ. ಒಂದೇ ಕಾಂಪೌಂಡಿನೊಳಗೆ ಮನೆಯವರ ನಾಲ್ಕೈದು ಚಿಕ್ಕ ಕಟ್ಟಡಗಳು. ಈಶಾನ್ಯ ಮೂಲೆಯಲ್ಲಿ ಮನೆದೇವರ, ಹಿರಿಯರ ಗುಡಿಗಳು. ಹಿಂದೆ ತೋಟ. ಅದರ ಪಕ್ಕದ ಕೋಣೆ ನಮ್ಮದು. ಹಾಗಾಗಿ ಹಬ್ಬಗಳನ್ನು ನಾನು ಅಡುಗೆಮನೆ ಕಿಟಕಿಯಿಂದಲೇ ನೋಡುತ್ತಾ ಬಂದಿದ್ದೇನೆ.

ಮೊನ್ನೆ ಮೇ 23, ಶನಿವಾರ, ತುಂಪೆಕ್ ವರಿಗ ಇತ್ತು. ಗಿಡಮರಗಳ ಹಬ್ಬ. ಪ್ರವಾಸಿಗರಿಗೆ ಇದರ ಹೆಸರೂ ಗೊತ್ತಿರುವುದಿಲ್ಲ. ಮನೆಯ ಅಜ್ಜಿ ಬೆಳಗ್ಗೆ ಎದ್ದು ಅಕ್ಕಿಯ ಗಂಜಿ ಕಾಯಿಸಿದರು. ಎಳೆ ತೆಂಗಿನಗರಿಯ ತಟ್ಟೆಯಲ್ಲಿ ಹೂವು, ಊದುಬತ್ತಿ ಇಟ್ಟುಕೊಂಡು ತೋಟಕ್ಕೆ ಇಳಿದರು. ಮೊದಲು ಮಾವಿನ ಮರ. ಕತ್ತಿಯ ಹಿಂಬದಿಯಿಂದ ಕಾಂಡಕ್ಕೆ ಮೂರು ಸಲ ತಟ್ಟಿದರು. ತೊಗಟೆಗೆ ಒಂದಿಷ್ಟು ಗಂಜಿ ಮೆತ್ತಿದರು. ಆಮೇಲೆ ಮರದ ಜೊತೆ ಮಾತು. ‘ಅಜ್ಜಾ, ಅಜ್ಜಾ, ಅಜ್ಜಿ ಎಲ್ಲಿ?’ ‘ಅಜ್ಜಿ ಮನೇಲಿದ್ದಾಳೆ, ಜ್ವರ ಬಂದು ಗಡಗಡ ನಡುಗ್ತಿದ್ದಾಳೆ.’ ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಕೊನೆಗೆ, ಇನ್ನು 25 ದಿನಕ್ಕೆ ಗಲುಂಗನ್, ಕೊಂಬೆ ಬಾಗುವಷ್ಟು ಕಾಯಿ ಬಿಡು ಅಂತ ಕೇಳಿಕೊಂಡರು. ಬಾಳೆ, ಹಲಸು, ತೆಂಗು, ಯಾವುದನ್ನೂ ಬಿಡಲಿಲ್ಲ. ನಮ್ಮ ಬಾಗಿಲ ಬಳಿಯ ನಿಂಬೆ ಗಿಡಕ್ಕೂ ಒಂದು ಚಮಚ ಗಂಜಿ ಸಿಕ್ಕಿತು.

ಈ ಗಲುಂಗನ್ ಬಾಲಿಯ ಹಿಂದೂಗಳ ದೊಡ್ಡ ಹಬ್ಬ, 210 ದಿನಕ್ಕೊಮ್ಮೆ ಬರುತ್ತದೆ. ಬಾಲಿಯಲ್ಲಿ ಎರಡು ಪಂಚಾಂಗಗಳು ಒಟ್ಟಿಗೇ ನಡೆಯುತ್ತವೆ. ಒಂದು ಹುಣ್ಣಿಮೆ, ಅಮಾವಾಸ್ಯೆ ಎಣಿಸುವ ಶಕ ವರ್ಷ. ಇನ್ನೊಂದು ಪವುಕೊನ್. ಅದರಲ್ಲಿ ಏಳೇಳು ದಿನದ 30 ವಾರ, ಒಂದೊಂದು ವಾರಕ್ಕೂ ಒಂದೊಂದು ಹೆಸರು. ಸರಸ್ವತಿ ಪೂಜೆ ಈ ಲೆಕ್ಕದ್ದು. ಎಷ್ಟೋ ದೇವಸ್ಥಾನಗಳ ಒಡಲನ್, ಅಂದರೆ ಗುಡಿಯ ಹುಟ್ಟುಹಬ್ಬವೂ ಇದೇ ಲೆಕ್ಕದ್ದು. ಹಾಗಾಗಿ ಹಬ್ಬಕ್ಕೆ ಇಂಥದ್ದೇ ಕಾಲ ಅಂತ ಇಲ್ಲ. ಈ ವರ್ಷ ಗಲುಂಗನ್ ಜೂನ್ 17ಕ್ಕೆ, ಒಳ್ಳೆ ಬಿಸಿಲಲ್ಲಿ. ಅದರ ಮುಂದಿನದು 2027ರ ಜನವರಿ 13ಕ್ಕೆ, ನಡು ಮಳೆಗಾಲದಲ್ಲಿ. ಮಳೆಗೆ ಹೆದರಿ ಬರದೇ ಇದ್ದವರಿಗೆ ಆ ಹಬ್ಬ ಇಲ್ಲ, ಅಲ್ವಾ?

ಹಬ್ಬ ಒಂದು ದಿನದ್ದು, ಕೆಲಸ ವಾರಗಟ್ಟಲೆಯದು. ಇದನ್ನು ಓದುಗರು ತಿಳಿದುಕೊಳ್ಳಲಿ ಅಂತ ನನಗೆ ತುಂಬಾ ಆಸೆ. ರಸ್ತೆಯಲ್ಲಿ ಕಾಣುವ ಮೆರವಣಿಗೆ ಅದರ ತುದಿ ಮಾತ್ರ. ಮನೆಯ ಸೊಸೆ ಪೇಟೆಯ ಅಂಗಡಿಯಲ್ಲಿ ಕೆಲಸ ಮುಗಿಸಿ ಬಂದು, ರಾತ್ರಿ ಊಟ ಆದ ಮೇಲೆ ಜಗುಲಿಯಲ್ಲಿ ಕೂತು ತೆಂಗಿನಗರಿ ಸೀಳುತ್ತಾಳೆ. ಬಿದಿರಿನ ಸೀಕಿನಿಂದ ಚುಚ್ಚಿ ತಟ್ಟೆ ಮಾಡುತ್ತಾಳೆ. ಅತ್ತೆ, ಅಜ್ಜಿ, ಪಕ್ಕದ ಮನೆಯವರು ಎಲ್ಲರೂ ಸೇರುತ್ತಾರೆ. ಬೆರಳ ತುದಿ ಒರಟಾಗಿರುತ್ತವೆ, ಮಾತು ಮಾತ್ರ ನಿಲ್ಲುವುದಿಲ್ಲ. ದಿನಾ ಬೆಳಗ್ಗೆ ದೇವರಿಗೆ ಇಡುವ ‘ಚನಾಂಗ್ ಸರಿ’ ಅನ್ನುವ ಚಿಕ್ಕ ಹೂವಿನ ತಟ್ಟೆಯಲ್ಲೂ ಹೂವಿಗೆ ದಿಕ್ಕಿದೆ. ಪೂರ್ವಕ್ಕೆ ಬಿಳಿ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಅಥವಾ ಹಸಿರು. ಗರಿ ಇಲ್ಲಿನದು ಸಾಲದೆ ಜಾವಾದಿಂದಲೂ ಬರುತ್ತದೆ. ಹಬ್ಬ ಹತ್ತಿರ ಬಂದಂತೆ ಅದರ ಬೆಲೆ ಏರುತ್ತದೆ. ಈಗ ಸಿದ್ಧ ತಟ್ಟೆಗಳು ಮಾರ್ಕೆಟ್ಟಿನಲ್ಲಿ ಸಿಗುತ್ತವೆ, ಕೆಲಸಕ್ಕೆ ಹೋಗುವ ಹೆಂಗಸರು ಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಇಷ್ಟು ಭಾರವನ್ನು ಹೆಂಗಸರೇ ಹೊತ್ತಿದ್ದಾರೆ, ಸ್ವಲ್ಪ ಹಗುರವಾದರೆ ಒಳ್ಳೆಯದೇ.

ಗಂಡಸರ ಕೆಲಸ ಪೆಂಜೋರ್. ಬಿದಿರಿನ ಎತ್ತರದ ಕಂಬ, ತುದಿ ರಸ್ತೆಯ ಕಡೆ ಬಾಗಿರುತ್ತದೆ. ಅದಕ್ಕೆ ಭತ್ತದ ತೆನೆ, ಗೆಡ್ಡೆಗೆಣಸು, ತೆಂಗಿನಕಾಯಿ, ಬಟ್ಟೆ, ಗರಿಯ ಅಲಂಕಾರ. ನೆಲದಿಂದ ಬಂದದ್ದನ್ನೆಲ್ಲ ಕಟ್ಟಿ ಮೇಲಕ್ಕೆ ಎತ್ತುತ್ತಾರೆ. ಹಬ್ಬದ ಹಿಂದಿನ ದಿನ ಪ್ರತಿ ಮನೆಯ ಮುಂದೂ ಅದು ಎದ್ದು ನಿಲ್ಲುತ್ತದೆ.

ಇನ್ನು ಮಳೆ. ಜನವರಿ, ಫೆಬ್ರವರಿಯಲ್ಲಿ ಬಟ್ಟೆ ಒಣಗುವುದಿಲ್ಲ, ಚರ್ಮದ ಚಪ್ಪಲಿಗೆ ಬೂಸ್ಟು ಬರುತ್ತದೆ, ಪಡುಗಾಳಿ ಕುಟಾ ಕಡೆಯ ಕಡಲತೀರಕ್ಕೆ ರಾಶಿ ರಾಶಿ ಪ್ಲಾಸ್ಟಿಕ್ ತಂದು ಹಾಕುತ್ತದೆ. ಇದೆಲ್ಲ ನಿಜ. ಆದರೆ ರಂಬುಟಾನ್, ಮ್ಯಾಂಗೊಸ್ಟೀನ್, ಡ್ಯೂರಿಯನ್ ಬರುವುದೂ ಆಗಲೇ. ರಂಬುಟಾನನ್ನು ಗೊಂಚಲು ಗೊಂಚಲಾಗಿ ಕಟ್ಟಿ ರಸ್ತೆ ಬದಿಗೆ ನೇತುಹಾಕಿರುತ್ತಾರೆ. ಸಂಜೆ ಮಳೆ ನಿಂತ ಕೂಡಲೇ ದೀಪಕ್ಕೆ ಈಸುಳ್ಳಿ ಮುತ್ತುತ್ತವೆ, ಗದ್ದೆಯಿಂದ ಕಪ್ಪೆಗಳ ಗದ್ದಲ. ಗದ್ದೆಗೆ ನೀರು ಹಂಚುವುದು ಸುಬಾಕ್ ಅನ್ನುವ ರೈತರ ಸಂಘ. ಯಾರು ಯಾವಾಗ ನಾಟಿ ಮಾಡಬೇಕು, ಯಾರ ಕಾಲುವೆಗೆ ಯಾವಾಗ ನೀರು ಅನ್ನುವುದನ್ನು ಅವರು ನೀರಿನ ದೇವಸ್ಥಾನದ ಪೂಜೆಯ ಜೊತೆಗೇ ತೀರ್ಮಾನ ಮಾಡುತ್ತಾರೆ. ಬಾತುರ್ ಕೆರೆಯ ದೇವಿಯ ಗುಡಿ ಇದಕ್ಕೆಲ್ಲ ಮೇಲಿನದು. 2012ರಲ್ಲಿ ಯುನೆಸ್ಕೊ ಸುಬಾಕ್ ಪದ್ಧತಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜನ ಜತಿಲುವಿಯ ಮೆಟ್ಟಿಲು ಗದ್ದೆ ನೋಡಲು ಬಿಸಿಲಿಗೆ ಕಾಯುತ್ತಾರೆ. ಆ ಗದ್ದೆಯ ಹಸಿರು ನೀರಿನ ಋಣ ಅಲ್ವಾ?

ಡಿಸೆಂಬರ್ ಹೊತ್ತಿಗೆ ಬರುವ, ಬಾಲಿ ಪಂಚಾಂಗದ ಆರನೇ ತಿಂಗಳು ರೋಗರುಜಿನ, ಬೆಳೆಯ ಹುಳುವಿನ ಕಾಲ ಅಂತ ಇಲ್ಲಿನವರು ನಂಬುತ್ತಾರೆ. ಆಗ ನಂಗ್ಲುಕ್ ಮೆರಾನ ಅನ್ನುವ ಶಾಂತಿ ಮಾಡುತ್ತಾರೆ. ಒಮ್ಮೆ ನಮ್ಮೂರ ಒಡಲನ್ ದಿನ ಜೋರು ಮಳೆ. ಯಾರೂ ಮನೆಗೆ ಹೋಗಲಿಲ್ಲ. ತಲೆ ಮೇಲೆ ಹಣ್ಣಿನ ಗೋಪುರ ಹೊತ್ತ ಹೆಂಗಸರು ಅದಕ್ಕೊಂದು ಪ್ಲಾಸ್ಟಿಕ್ ಹೊದಿಸಿ, ತಾವು ನೆನೆಯುತ್ತಾ ನಡೆದರು. ಗಮೆಲಾನ್ ಅನ್ನುವ ವಾದ್ಯಮೇಳ ಬಾರಿಸುವವರು ಬಿದಿರ ಚಪ್ಪರದ ಕೆಳಗೆ ಒತ್ತೊತ್ತಾಗಿ ಕೂತು ಬಾರಿಸಿದರು.

ಅದೇ ದಿನ ಗುಡಿಯ ಒಳಗೆ ಕನ್ನಡ ಕೇಳಿಸಿತು. ನನಗೆ ಖುಷಿಯಾಗಬೇಕಿತ್ತು. ಆದರೆ ಅವರು ಕೈಮುಗಿದು ಕೂತವರ ಮುಂದೆ ನಿಂತು, ಪೂಜಾರಿಯ ಮುಖಕ್ಕೆ ಫ್ಲ್ಯಾಶ್ ಹಾಕಿ ವಿಡಿಯೊ ಮಾಡುತ್ತಿದ್ದರು. ‘ಇನ್ನೊಂದ್ಸಲ ತೀರ್ಥ ಹಾಕೋಕೆ ಹೇಳಿ’ ಅಂತ ಒಬ್ಬರು ಗೈಡ್‌ಗೆ ಹೇಳಿದರು. ಪೂಜಾರಿ ಏನೂ ಅನ್ನಲಿಲ್ಲ. ಅಲ್ಲಿ ಕೂತಿದ್ದ ನನಗೆ ಹೊಟ್ಟೆ ಉರಿಯಿತು. ಯಾರದೋ ಮನೆಯ ಪೂಜೆಗೆ ಹೋದಾಗ ನಾವು ಹೀಗೆ ನಡೆದುಕೊಳ್ಳುತ್ತೇವಾ?

ನ್ಯೆಪಿಯ ಬಗ್ಗೆ ಹೇಳಲೇಬೇಕು. ಅದು ಶಕ ವರ್ಷದ ಮೊದಲ ದಿನ. ಈ ಸಲ ನಿಮ್ಮಲ್ಲಿ ಯುಗಾದಿ ಬಂದ ಮಾರ್ಚ್ 19ರಂದೇ ಇಲ್ಲೂ ಶಕ 1948 ಶುರುವಾಯಿತು. ಕೆಲವು ದಿನ ಮೊದಲು ದೇವರನ್ನು ಹೊತ್ತು ಸಮುದ್ರಕ್ಕೋ ಹೊಳೆಗೋ ಹೋಗಿ ಶುದ್ಧಿ ಮಾಡುತ್ತಾರೆ. ಹಿಂದಿನ ಸಂಜೆ ಊರ ಹುಡುಗರು ಒಗೊ-ಒಗೊ ಅನ್ನುವ ರಾಕ್ಷಸ ಬೊಂಬೆಗಳನ್ನು ಹೊತ್ತು, ನಾಲ್ಕು ರಸ್ತೆ ಸೇರುವ ಕಡೆ ಗರಗರ ತಿರುಗಿಸುತ್ತಾರೆ. ಕಿವಿ ಕಿವುಡಾಗುವಷ್ಟು ಸದ್ದು. ಮರುದಿನ ಬೆಳಗ್ಗೆ 6ರಿಂದ 24 ಗಂಟೆ ಬೆಂಕಿ-ದೀಪ ಇಲ್ಲ, ಕೆಲಸ ಇಲ್ಲ, ಓಡಾಟ ಇಲ್ಲ, ಮನರಂಜನೆ ಇಲ್ಲ. ವಿಮಾನ ನಿಲ್ದಾಣ ಮುಚ್ಚಿರುತ್ತದೆ. 2018ರಿಂದ ಮೊಬೈಲ್ ಇಂಟರ್ನೆಟ್ಟೂ ಬಂದ್. ಚೌಕುಳಿ ಪಂಚೆ ಉಟ್ಟ ಪೆಚಲಾಂಗ್‌ಗಳು, ಅಂದರೆ ಊರ ಕಾವಲಿನವರು, ರಸ್ತೆಯಲ್ಲಿ ಗಸ್ತು ತಿರುಗುತ್ತಾರೆ. ಆಸ್ಪತ್ರೆಯ ತುರ್ತು ಇದ್ದರೆ ಬಿಡುತ್ತಾರೆ. ಉಳಿದವರೆಲ್ಲ ಒಳಗೆ, ವಿದೇಶಿಯರೂ.

ಇದನ್ನು ‘ಒಂದು ದಿನ ಹಾಳು’ ಅಂತ ಬರೆದದ್ದು ನೋಡಿ ಬೇಜಾರಾಯಿತು. ನಮ್ಮ ಮನೆಯಲ್ಲಿ ಆ ದಿನ ಒಲೆ ಹಚ್ಚುವುದಿಲ್ಲ. ಹಿಂದಿನ ದಿನ ಮಾಡಿಟ್ಟ ಅನ್ನ, ಹಣ್ಣು ತಿನ್ನುತ್ತೇವೆ. ಮಧ್ಯಾಹ್ನ ಮಕ್ಕಳು ಅಂಗಳದಲ್ಲಿ ಪಿಸುಮಾತಿನಲ್ಲಿ ಆಡುತ್ತಾರೆ. ಕತ್ತಲಾದ ಮೇಲೆ ಮೋಡ ಸರಿದರೆ, ಇಡೀ ದ್ವೀಪದಲ್ಲಿ ದೀಪ ಇಲ್ಲದ ಆಕಾಶ ಹೇಗಿರುತ್ತದೆ ಅಂತ ನೋಡಬಹುದು. ಒಂದು ಪ್ರಾಂತ್ಯದ ಜನ ವಿಮಾನ ನಿಲ್ಲಿಸಿ, ವ್ಯಾಪಾರ ನಿಲ್ಲಿಸಿ ಸುಮ್ನೆ ಮನೆಯಲ್ಲಿ ಕೂರುವುದು ಬೇರೆಲ್ಲಿ ಸಿಗುತ್ತದೆ? ಇದನ್ನು ನೋಡಲೆಂದೇ ಟಿಕೆಟ್ ಮಾಡಿಸಬೇಕು.

ಹಾಗಾಗಿ ಒಂದು ಕೋರಿಕೆ. ಮುಂದಿನ ಸಲ ಬಾಲಿ ಬಗ್ಗೆ ಬರೆಸುವಾಗ ಹೋಟೆಲ್ ಹೆಸರುಗಳ ಜೊತೆ ಇವನ್ನೂ ಹಾಕಿ. ದೇವಸ್ಥಾನಕ್ಕೆ ಕಮೆನ್ ಅನ್ನುವ ಪಂಚೆಯಂಥ ಬಟ್ಟೆ ಉಟ್ಟು, ಸೊಂಟಕ್ಕೆ ಸೆಲೆಂಡಾಂಗ್ ಅನ್ನುವ ಬಟ್ಟೆಪಟ್ಟಿ ಕಟ್ಟಬೇಕು. ಮುಟ್ಟಾದವರು ಒಳಗೆ ಹೋಗುವಂತಿಲ್ಲ. ಈ ನಿಯಮ ನನಗೆ ಇಷ್ಟವಿಲ್ಲ, ಆದರೂ ಅತಿಥಿಯಾಗಿ ಪಾಲಿಸುತ್ತೇನೆ. ಪೂಜಾರಿಗಿಂತ ಎತ್ತರದಲ್ಲಿ ಕೂರಬಾರದು, ನಿಲ್ಲಬಾರದು. ಪೂಜೆ ಮಾಡುವವರ ಮುಂದೆ ಹಾಯಬಾರದು. ನೆಲದ ಮೇಲಿನ ಚನಾಂಗ್ ತುಳಿಯದೆ ನಡೆಯಬೇಕು. 2024ರ ಫೆಬ್ರವರಿಯಿಂದ ವಿದೇಶಿ ಪ್ರವಾಸಿಗರು ಇಂಡೊನೇಷ್ಯಾದ ಹಣದಲ್ಲಿ 1,50,000 ರುಪಿಯಾ ಕಟ್ಟಬೇಕು. ಅದು ಸಂಸ್ಕೃತಿ, ಪರಿಸರದ ರಕ್ಷಣೆಗೆಂದು ಇಟ್ಟ ಹಣ, ಗೊಣಗದೆ ಕಟ್ಟಲಿ.

ಜನವರಿಯ ಗಲುಂಗನ್‌ಗೆ ಬರುವವರಿದ್ದರೆ 12ಕ್ಕೇ ಹಳ್ಳಿ ಸೇರಿಕೊಳ್ಳಿ. ಆ ಬೆಳಗ್ಗೆ ಮನೆಮನೆಯಲ್ಲಿ ಹಂದಿ ಕಡಿದು, ಕೊಚ್ಚಿದ ಮಾಂಸ, ತರಕಾರಿ, ಮಸಾಲೆ ಕಲಸಿದ ಲಾವಾರ್ ಮಾಡುತ್ತಾರೆ. ಮಾಂಸ ತಿನ್ನದವರು ಮಧ್ಯಾಹ್ನ ಹೊರಗೆ ಬಂದರೂ ಸಾಕು, ಪೆಂಜೋರ್ ಎತ್ತುವುದು ಆಗಲೇ. ಕೊಡೆ ಮರೆಯಬೇಡಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಗಿಯಾನ್ಯಾರ್, ಬಾಲಿ