ಮಂಡಿ ನೋವು ಅಂದ ಹುಡುಗನ ಸೊಂಟವನ್ನೂ ನೋಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಉಡುಪಿಯ ಒಬ್ಬ ರಿಕ್ಷಾ ಚಾಲಕನ ನಮಸ್ಕಾರ. ಚುನಾವಣೆ ಹೊತ್ತಿನಲ್ಲಿ ನೀವು ನಮ್ಮ ಸ್ಟ್ಯಾಂಡಿನಲ್ಲಿ ಚಾ ಕುಡಿದಿದ್ದೀರಿ. ನನ್ನ ಮುಖ ನೆನಪಿರಲಿಕ್ಕಿಲ್ಲ, ಬೇಸರವಿಲ್ಲ. ಈ ಪತ್ರ ನೆನಪಿಟ್ಟರೆ ಸಾಕು.

ನನ್ನ ಮಗನಿಗೆ 13 ವರ್ಷ. ಸ್ವಲ್ಪ ದಪ್ಪ. ಯಕ್ಷಗಾನ ಕಲಿಯುತ್ತಿದ್ದ. ಕಳೆದ ದೀಪಾವಳಿ ಹೊತ್ತಿಗೆ ಬಲ ಮಂಡಿ ನೋವು ಅಂದ. ಕ್ಲಾಸಿಗೆ ಹೋಗದಿರಲು ನೆಪ ಅಂದುಕೊಂಡೆವು. ಅಜ್ಜಿ ಎಣ್ಣೆ ತಿಕ್ಕಿದರು. ಮೊದಲು ಗಮನಿಸಿದ್ದು ಡಾಕ್ಟರಲ್ಲ, ಅವನ ಗುರುಗಳು. "ಇವನಿಗೆ ಮಂಡಿ ಹಾಕಲಿಕ್ಕೇ ಆಗುವುದಿಲ್ಲ ಮಾರಾಯ್ರೆ, ಪಾದ ಹೊರಗೆ ತಿರುಗಿದೆ ನೋಡಿ" ಅಂದರು.

ಆಮೇಲೆ ಮೂರು ಕಡೆ ತೋರಿಸಿದೆ. ಮೂರೂ ಕಡೆ ಮಂಡಿಯ ಎಕ್ಸ್‌ರೇ. ಮೂರೂ ನಾರ್ಮಲ್. ಮಂಡಿ ನಾರ್ಮಲ್ಲೇ ಇತ್ತು ಸಾರ್, ತೊಂದರೆ ಇದ್ದದ್ದು ಒಂದು ಮೊಳ ಮೇಲೆ. "ಬೆಳೆಯುವ ಮಕ್ಕಳಿಗೆ ಇದೆಲ್ಲ ಇದ್ದದ್ದೇ" ಅಂತ ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಪಿಟಿ ಮಾಸ್ಟ್ರು "ತೂಕ ಇಳಿಸು, ಎರಡು ರೌಂಡು ಜಾಸ್ತಿ ಓಡು" ಅಂದರು. ಓಡಿದ, ಪಾಪ. ಶಾಲೆಗೆ ಆರೋಗ್ಯ ತಪಾಸಣೆಯವರೂ ಬಂದರು. ಕಣ್ಣು ನೋಡಿದರು, ಹಲ್ಲು ನೋಡಿದರು, ತೂಕ ಬರೆದರು. ಇವನು ಕುಂಟುತ್ತಾ ಬಂದ, ಕುಂಟುತ್ತಾ ಹೋದ. ಕಾರ್ಡಿನಲ್ಲಿ "ತೊಂದರೆ ಇಲ್ಲ".

ತೊಡೆ ಮೂಳೆಯ ಮೇಲಿನ ತುದಿಯಲ್ಲಿ, ಸೊಂಟದ ಕೀಲಿನೊಳಗೆ, ಒಂದು ಚೆಂಡಿದೆ. ಬೆಳೆಯುವ ವಯಸ್ಸಿನಲ್ಲಿ ಆ ಚೆಂಡಿಗೂ ಕೆಳಗಿನ ಮೂಳೆಗೂ ನಡುವೆ ಮೆದುವಾದ ಬೆಳವಣಿಗೆ ಪದರ ಇರುತ್ತದೆ. ಕೆಲವು ಮಕ್ಕಳಿಗೆ ಅಲ್ಲೇ ಮೂಳೆ ಜಾರುತ್ತದೆ, ನನ್ನ ಮಗನಿಗೆ ಆಗಿದ್ದು ಇದೇ. ಡಾಕ್ಟರುಗಳು ಎಸ್‌ಸಿಎಫ್‌ಇ ಅನ್ನುತ್ತಾರೆ. 10ರಿಂದ 16 ವರ್ಷದೊಳಗೆ ಬರುವುದು ಜಾಸ್ತಿ, ಅದರಲ್ಲೂ ಹುಡುಗರಿಗೆ, ತೂಕ ಹೆಚ್ಚಿರುವವರಿಗೆ. ಥೈರಾಯ್ಡ್ ತೊಂದರೆ ಇದ್ದರೂ ಬರಬಹುದಂತೆ. ಸೊಂಟದ ನೋವು ಮಂಡಿಯಲ್ಲಿ ಕಾಣಿಸುತ್ತದೆ, ಅದೇ ಮೋಸ. ಬೇಗ ಗೊತ್ತಾದರೆ ಇದ್ದ ಜಾಗದಲ್ಲೇ ಒಂದು ಸ್ಕ್ರೂ ಹಾಕಿ ನಿಲ್ಲಿಸುತ್ತಾರೆ. ಇದನ್ನೆಲ್ಲ ನಾನು ಕಲಿತದ್ದು ತಡವಾಗಿ, ವಾರ್ಡಿನ ಬೆಂಚಿನಲ್ಲಿ ಕೂತು.

ಜೂನ್ ಮಳೆಗೆ ಶಾಲೆಯ ಒದ್ದೆ ಜಗಲಿಯಲ್ಲಿ ಜಾರಿದ. ಕಾಲು ಊರಲಿಕ್ಕೇ ಆಗಲಿಲ್ಲ. ನನ್ನದೇ ರಿಕ್ಷಾದ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿ ಆಸ್ಪತ್ರೆಗೆ ಒಯ್ದೆ. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ, ಅಲ್ಲಿಯೂ ಒಳ್ಳೆಯವರಿದ್ದಾರೆ. ಬಾಗಿಲಲ್ಲೇ ಎರಡು ವೀಲ್‌ಚೇರ್ ಇತ್ತು. ಎರಡನ್ನೂ ಸೈಕಲ್ ಚೈನಿನಿಂದ ಕಿಟಕಿ ಸರಳಿಗೆ ಕಟ್ಟಿ ಬೀಗ ಹಾಕಿದ್ದರು. ಕಳ್ಳರ ಭಯವಂತೆ. ಕೀ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರು. ನಲವತ್ತು ನಿಮಿಷ ಕಾದೆವು. "ಎಕ್ಸ್‌ರೇ ರೂಮ್ ಮುಚ್ಚುತ್ತದೆ, ನಡೆಸಿಕೊಂಡೇ ಹೋಗಿ, ಇಲ್ಲೇ ಹತ್ತಿರ" ಅಂದರು.

ಆ ಹತ್ತಿರ ಎಷ್ಟು ಗೊತ್ತಾ ಸಾರ್? ಇನ್ನೊಂದು ದಿನ ಹೋಗಿ ಎಣಿಸಿದೆ. 62 ಹೆಜ್ಜೆ. ನನ್ನ ಹೆಗಲಿಗೆ ಜೋತು ಬಿದ್ದು ಅಷ್ಟೂ ದೂರ ಬಂದ. ಅಳಲಿಲ್ಲ, ನನ್ನ ಅಂಗಿ ಕಾಲರು ಕಚ್ಚಿಕೊಂಡಿದ್ದ. ಆ ಕಾಲಿನ ಮೇಲೆ ಒಂದು ಹೆಜ್ಜೆಯ ಭಾರವನ್ನೂ ಹಾಕಬಾರದಿತ್ತು ಅಂತ ಆಮೇಲೆ ಗೊತ್ತಾಯಿತು. ಚೀಟಿಯಲ್ಲಿ ಬರೆದದ್ದು ಮತ್ತೆ "ಬಲ ಮಂಡಿ"! ಎಕ್ಸ್‌ರೇ ತೆಗೆಯುವ ಹುಡುಗಿ ಕಾಲು ಬಿದ್ದ ರೀತಿ ನೋಡಿ, ಡಾಕ್ಟರನ್ನು ಕೇಳಿ, ಸೊಂಟದ್ದೂ ತೆಗೆದಳು. ಚೆಂಡು ಜಾರಿದ್ದು ಅದರಲ್ಲೇ ಕಂಡಿತು. ಅವಳಿಗೆ ಪುಣ್ಯ ಬರಲಿ.

ಆಪರೇಷನ್ ಖರ್ಚು ಆರೋಗ್ಯ ಕರ್ನಾಟಕದ ಕಾರ್ಡಿನಲ್ಲಿ ಹೋಯಿತು, ಸುಳ್ಳು ಹೇಳುವುದಿಲ್ಲ. ಆದರೆ ಚೆಂಡಿಗೆ ರಕ್ತ ಸರಿಯಾಗಿ ಹೋಗುತ್ತದಾ ಇಲ್ಲವಾ ಅಂತ ಇನ್ನೂ ತಿಂಗಳುಗಟ್ಟಲೆ ಕಾಯಬೇಕು. ಎಡಗಡೆಯದ್ದೂ ಜಾರಬಹುದು, ಅದನ್ನೂ ನೋಡುತ್ತಿರಬೇಕು. ನಾನು ದುಡಿಮೆ ಕಳೆದುಕೊಂಡ ದಿನಗಳ ಲೆಕ್ಕ ನಿಮಗೆ ಬೇಡ ಬಿಡಿ.

ನನ್ನ ಬೇಡಿಕೆ ಒಂದೇ. 10ರಿಂದ 16 ವರ್ಷದ ಮಗು ಕುಂಟುತ್ತಾ ಬಂದು ಮಂಡಿ ನೋವು, ತೊಡೆ ನೋವು ಅಂದರೆ ಅದೇ ದಿನ ಸೊಂಟದ ಎರಡೂ ಬದಿಯ ಕೀಲಿನ ಎಕ್ಸ್‌ರೇ ಆಗಬೇಕು. ಎದುರಿನಿಂದೊಂದು, ಬದಿಯಿಂದೊಂದು. ಎಲ್ಲ ಸರ್ಕಾರಿ ಆಸ್ಪತ್ರೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಲಿಖಿತ ಆದೇಶ ಹೋಗಬೇಕು. ಎಕ್ಸ್‌ರೇ ಇಲ್ಲದ ಕಡೆಯವರು ಅದೇ ದಿನ ಮುಂದಕ್ಕೆ ಕಳಿಸಬೇಕು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18 ವರ್ಷದವರೆಗಿನ ಮಕ್ಕಳಿಗೆ ಅಂತ ನಿಮಗೆ ನಾನು ಹೇಳಬೇಕಾ? ಅದರಡಿ ಶಾಲೆಗೆ ತಪಾಸಣೆಗೆ ಬರುವ ತಂಡ ಪ್ರತಿ ಮಗುವನ್ನು ಹತ್ತು ಹೆಜ್ಜೆ ನಡೆಸಿ ನೋಡಲಿ. ಅದಕ್ಕೆ ಮಿಷನ್ ಬೇಡ, ಟೆಂಡರ್ ಬೇಡ. ಸಣ್ಣ ಮಕ್ಕಳ ಸೊಂಟಕ್ಕೆ ಬರುವ ಪರ್ಥಿಸ್ ಕಾಯಿಲೆ ಬಗ್ಗೆ ಮಣಿಪಾಲದ ವೈದ್ಯರು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಅದರಲ್ಲೂ ಮಗು ಎಷ್ಟೋ ಸಲ ಹೇಳುವುದು ಮಂಡಿ ನೋವು ಅಂತಲೇ. ಇಲ್ಲೇ ಪಕ್ಕದಲ್ಲಿ ಗೊತ್ತಿರುವ ವಿಷಯ ಕೌಂಟರಿನ ಚೀಟಿವರೆಗೆ ಬರಲಿಕ್ಕೆ ಇನ್ನೆಷ್ಟು ವರ್ಷ?

ಸೊಂಟದ ಎಕ್ಸ್‌ರೇ, ಅದೇ ದಿನ. ಮತ್ತೆ ಆ ವೀಲ್‌ಚೇರಿನ ಬೀಗ ತೆಗೆಸಿ, ದಮ್ಮಯ್ಯ.

ಆದೇಶ ಹೊರಟರೆ ಒಂದು ಪ್ರತಿ ನಮ್ಮ ಸ್ಟ್ಯಾಂಡಿಗೆ ಕಳಿಸಿ. ರಿಕ್ಷಾದಲ್ಲಿ ಸೀಟಿನ ಎದುರಿಗೇ ಅಂಟಿಸುತ್ತೇನೆ. ಆಸ್ಪತ್ರೆಗೆ ಹೋಗುವವರು ದಾರಿಯಲ್ಲಿ ಓದಿಕೊಳ್ಳಲಿ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ರಿಕ್ಷಾ ಚಾಲಕ