ರೀಮೇಕ್‌ಗೆ ಕಥೆ ಸಿಗುತ್ತದೆ, ಭಯ ಸಿಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಹಾರರ್ ಸಿನಿಮಾಗಳ ವಿಮರ್ಶೆಯಲ್ಲಿ ಈಚೆಗೆ ಪದೇ ಪದೇ ಒಂದು ಮಾತು ಕಾಣುತ್ತಿದೆ: 'ಲ್ಯಾಗ್ ಜಾಸ್ತಿ', ಅಂದರೆ ಎಳೆದಾಟ ಜಾಸ್ತಿ. ಹತ್ತು ನಿಮಿಷ ದೆವ್ವ ಬರಲಿಲ್ಲವೋ, ಲ್ಯಾಗ್. ಅದೇ ಯಾವುದೋ ಹಳೇ ಸಿನಿಮಾದ ರೀಮೇಕ್‌ನಲ್ಲಿ ದೆವ್ವ ಎರಡನೇ ಸೀನಿಗೇ ಬಂದು ಕಿರುಚಿ ಹೋದರೆ 'ಒಮ್ಮೆ ನೋಡಬಹುದು' ಅಂತ ಮೂರು ಸ್ಟಾರ್. ನನಗೆ ಇದರ ಮೇಲೆ ತಕರಾರಿದೆ. ಹಾರರ್ ನೋಡುವ ಹುಚ್ಚು ಹತ್ತಿಸಿಕೊಂಡವನು ನಾನು, ರೀಮೇಕ್ ವಿರೋಧಿಯೇನಲ್ಲ. ಆದರೆ ರೀಮೇಕ್ ಮಾಡುವವರು ದುಡ್ಡು ಕೊಟ್ಟು ತರುವುದು ಕಥೆಯನ್ನು ಮಾತ್ರ. ನಾವು ಹೆದರುವುದು ಕ್ಯಾಮೆರಾ ಎಲ್ಲಿಟ್ಟರು, ಎಷ್ಟು ಹೊತ್ತು ಅಲ್ಲೇ ಬಿಟ್ಟರು, ಏನನ್ನು ಹೇಳದೆ ಉಳಿಸಿಕೊಂಡರು ಅನ್ನುವುದಕ್ಕೆ. ಅದು ಒಪ್ಪಂದದ ಜೊತೆ ಬರುವುದಿಲ್ಲ.

ಸಾಕ್ಷಿ ಬೇಕಿದ್ದರೆ 'ಸೈಕೋ' ಇದೆ. 1960ರಲ್ಲಿ ಹಾಲಿವುಡ್ ನಿರ್ದೇಶಕ ಹಿಚ್‌ಕಾಕ್ ತನ್ನ ಟಿವಿ ಕಾರ್ಯಕ್ರಮದ ತಂಡವನ್ನೇ ಕಟ್ಟಿಕೊಂಡು, ಕಡಿಮೆ ಬಜೆಟ್‌ನಲ್ಲಿ, ಕಪ್ಪು ಬಿಳುಪಿನಲ್ಲಿ ತೆಗೆದ ಚಿತ್ರ. ಬಚ್ಚಲುಮನೆಯಲ್ಲಿ ಹರಿಯುವ ರಕ್ತ ಚಾಕೊಲೇಟ್ ಸಿರಪ್. 1998ರಲ್ಲಿ ಗಸ್ ವ್ಯಾನ್ ಸ್ಯಾಂಟ್ ಅದನ್ನೇ ಹೆಚ್ಚುಕಮ್ಮಿ ಶಾಟ್‌ಗೆ ಶಾಟ್ ಇಟ್ಟು ಬಣ್ಣದಲ್ಲಿ ಮತ್ತೆ ತೆಗೆದ. ಅದೇ ಮಾತು, ಅದೇ ಸಂಗೀತ, ಅದೇ ಕೋನ. ಆದರೂ ಸತ್ತು ಮಲಗಿತು. ಮೊದಲ ಸಲ ನೋಡಿದವರಿಗೆ ನಾಯಕಿ ಅರ್ಧದಲ್ಲೇ ಸಾಯುತ್ತಾಳೆ ಅನ್ನುವುದು ಗೊತ್ತಿರಲಿಲ್ಲ, ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಹಿಚ್‌ಕಾಕ್ ಥಿಯೇಟರ್‌ಗಳಿಗೆ ಕಟ್ಟಪ್ಪಣೆ ಮಾಡಿದ್ದು ಅದಕ್ಕೇ. 1998ರ ಹೊತ್ತಿಗೆ ಇಡೀ ಲೋಕಕ್ಕೆ ಗೊತ್ತು. ಎಲ್ಲರೂ ಬೈದ ಆ ರೀಮೇಕ್ ಮೇಲೆ ನನಗಂತೂ ಒಂಥರಾ ಗೌರವ ಇದೆ. ರೀಮೇಕ್‌ನಲ್ಲಿ ಏನು ಸಾಗುತ್ತದೆ, ಏನು ಸಾಗುವುದಿಲ್ಲ ಅಂತ ಕೋಟಿಗಟ್ಟಲೆ ಸುರಿದು ತೋರಿಸಿಕೊಟ್ಟ ಪ್ರಯೋಗ ಅದು.

ಗೆದ್ದ ರೀಮೇಕ್‌ಗಳೂ ಇವೆ. ಜಪಾನಿನ 'ರಿಂಗು' 1998ರದ್ದು, ಹಿಡಿಯೋ ನಕಾಟ ನಿರ್ದೇಶನ. ಟಿವಿಯೊಳಗಿಂದ ಬರುವ ದೆವ್ವ ಸಡಾಕೋ ನಡಿಗೆ ನೆನಪಿದೆಯಲ್ವಾ? ಜಪಾನಿನ ರಂಗಕಲೆ ಕಬುಕಿ ಕಲಿತ ನಟಿಯನ್ನು ಹಿಂದಕ್ಕೆ ನಡೆಸಿ, ಆ ಶಾಟನ್ನು ತಿರುಗುಮುರುಗಾಗಿ ಓಡಿಸಿದ್ದಾರೆ. ಗ್ರಾಫಿಕ್ಸ್ ಬೇಕಾಗಲೇ ಇಲ್ಲ. 2002ರಲ್ಲಿ ಗೋರ್ ವರ್ಬಿನ್‌ಸ್ಕಿ ಮಾಡಿದ ಅಮೆರಿಕದ 'ದಿ ರಿಂಗ್' ವಿವರಣೆ ಕೊಡುವುದರಲ್ಲಿ ಸ್ವಲ್ಪ ಜಾಸ್ತಿಯೇ ಹೋಗುತ್ತದೆ. ಆದರೆ ಹಡಗಿನ ಮೇಲೆ ಕುದುರೆ ಹುಚ್ಚೆದ್ದು ಸಮುದ್ರಕ್ಕೆ ಹಾರುವ ಸೀನ್ ಮೂಲದಲ್ಲಿಲ್ಲ, ಅವರೇ ಹುಟ್ಟಿಸಿದ್ದು. ಆ ಸೀನಿಗೆ ನಾನು ಕೂತಲ್ಲೇ ಗಟ್ಟಿಯಾಗಿದ್ದೆ. ಇಂಥದ್ದೊಂದು ಸ್ವಂತದ್ದು ಕೊಟ್ಟರೆ ಸಾಕು, ನಮ್ಮಂಥವರು ಉಳಿದದ್ದೆಲ್ಲ ಮಾಫಿ ಮಾಡುತ್ತೇವೆ.

ನಮ್ಮ 'ಆಪ್ತಮಿತ್ರ'ವನ್ನೇ ತೆಗೆದುಕೊಳ್ಳಿ. 1993ರ ಮಲಯಾಳಂನ 'ಮಣಿಚಿತ್ರತಾಳ್' ಚಿತ್ರವನ್ನು 2004ರಲ್ಲಿ ಪಿ. ವಾಸು ಕನ್ನಡಕ್ಕೆ ತಂದರು. ಮೂಲದಲ್ಲಿ ನಾಗವಲ್ಲಿ ತಂಜಾವೂರಿನ ನರ್ತಕಿ, ಮೈಮೇಲೆ ಬಂದಾಗ ತಮಿಳು ಮಾತಾಡುತ್ತಾಳೆ. ಕನ್ನಡದಲ್ಲಿ ಅವಳ ಬಾಯಿಂದ ಬರುವುದು ತೆಲುಗು. ಮುಂದೆ ಹಿಂದಿಯ 'ಭೂಲ್ ಭುಲಯ್ಯಾ'ದಲ್ಲಿ ಬಂಗಾಳಿ. ಮನೆಯ ಹೆಂಗಸು, ಇಷ್ಟು ಹೊತ್ತು ನಗುನಗುತ್ತಾ ಇದ್ದವಳು, ಇದ್ದಕ್ಕಿದ್ದಂತೆ ಗಂಡನ ಎದುರು ಬೇರೆ ಭಾಷೆಯಲ್ಲಿ ಗದರಿಸುತ್ತಾಳೆ. ಸೌಂದರ್ಯ ಅವರ ಕಣ್ಣು ಅಲ್ಲಿ ಹೇಗೆ ತಿರುಗುತ್ತದೆ ಅಂತ ಒಮ್ಮೆ ಹಾಕಿ ನೋಡಿ. ಸಿನಿಮಾ ಬಿಡುಗಡೆಗೆ ಮೊದಲೇ ಅವರು ತೀರಿಕೊಂಡಿದ್ದರು ಅನ್ನುವುದು ಗೊತ್ತಿದ್ದು ನೋಡಿದವರಿಗೆ ಆ ದೃಶ್ಯ ಇನ್ನೂ ಭಾರ. ರೀಮೇಕ್ ಮಾಡಿದವರಿಗೆ ಭಯ ಎಲ್ಲಿದೆ ಅಂತ ಗೊತ್ತಿತ್ತು, ಅದನ್ನು ನಮ್ಮ ಕಿವಿಗೆ ಹೊಂದಿಸಿದರು. ಹಾಗಂತ ಎಲ್ಲವೂ ಸರಿ ಅಂತಲ್ಲ. ಮಲಯಾಳಂನಲ್ಲಿ ಡಾಕ್ಟರ್ ಬರುವುದೇ ಸಿನಿಮಾ ಅರ್ಧದ ಹೊತ್ತಿಗೆ, ಅಲ್ಲಿವರೆಗೆ ಆ ಮನೆಯಲ್ಲಿ ಏನು ನಡೀತಿದೆ ಅಂತ ನಾವೇ ತಲೆ ಕೆಡಿಸಿಕೊಳ್ಳಬೇಕು. ನಮ್ಮಲ್ಲಿ ಆ ಪಾತ್ರಕ್ಕೆ ವಿಷ್ಣುವರ್ಧನ್ ಇದ್ದಾರಲ್ಲ, ಅಷ್ಟು ಹೊತ್ತು ಕಾಯಿಸೋಕಾಗುತ್ತಾ? ಇನ್ನು ಆ ದೊಡ್ಡ ಹಾವು. ಅದು ಯಾಕೆ ಬಂತು, ಯಾಕೆ ಹೋಯಿತು, ದೇವರೇ ಬಲ್ಲ.

ರೀಮೇಕ್‌ಗಳು ಜಾಸ್ತಿ ಕೆಡುವುದು ಕೊನೆಯಲ್ಲಿ. (ನೋಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಅಪರಿಚಿತನೊಬ್ಬ ಮನೆಯ ಮಗಳನ್ನು ವಶ ಮಾಡಿಕೊಳ್ಳುವ ಕಥೆಯ ಗುಜರಾತಿ ಚಿತ್ರ 'ವಶ್' 2023ರಲ್ಲಿ ಬಂತು, ಮರುವರ್ಷವೇ ಹಿಂದಿಯಲ್ಲಿ 'ಶೈತಾನ್' ಆಯಿತು. ಮಗಳ ಪಾತ್ರಕ್ಕೆ ಎರಡರಲ್ಲೂ ಜಾನಕಿ ಬೋಡಿವಾಲಾ ಅವರೇ. ಹುಡುಗಿಯ ಭಯ ಎರಡರಲ್ಲೂ ಒಂದೇ ತೂಕದ್ದು. ಆದರೆ ಮೂಲದಲ್ಲಿ ಆ ಮಗು ವಶದಿಂದ ಹೊರಗೆ ಬರುವುದೇ ಇಲ್ಲ, ಹಿಂದಿಯಲ್ಲಿ ಅಪ್ಪ ಹೋರಾಡಿ ಬಿಡಿಸಿಕೊಂಡು ಬರುತ್ತಾನೆ. ಸ್ಟಾರ್ ಅಪ್ಪ ಸೋಲುವ ಹಾಗಿಲ್ಲವಲ್ಲ. 2022ರ ಡ್ಯಾನಿಶ್ ಚಿತ್ರ 'ಸ್ಪೀಕ್ ನೋ ಈವಿಲ್' ಎರಡೇ ವರ್ಷದಲ್ಲಿ ಇಂಗ್ಲಿಷ್‌ಗೆ ಹೋದಾಗಲೂ ಇದೇ ಕಥೆ. ಮೂಲದಲ್ಲಿ ಅತಿಥಿಗಳಾಗಿ ಹೋದ ಅಪ್ಪ ಅಮ್ಮ ಇಬ್ಬರೂ ಸಾಯುತ್ತಾರೆ, ಮಗಳು ಆ ಕೊಲೆಗಾರರ ಕೈಯಲ್ಲೇ ಉಳಿಯುತ್ತಾಳೆ; ರೀಮೇಕ್‌ನಲ್ಲಿ ಕುಟುಂಬ ಕಾರು ಹತ್ತಿ ಪಾರಾಗುತ್ತದೆ. ನಾವೂ ಹಾಯಾಗಿ ಊಟಕ್ಕೆ ಹೋಗಬಹುದು.

ಈಗ ಆ ಲ್ಯಾಗ್ ವಿಷಯ. ಕೆನಡಾದ ಕೈಲ್ ಎಡ್ವರ್ಡ್ ಬಾಲ್ ಮೊದಲು ಯೂಟ್ಯೂಬ್‌ನಲ್ಲಿ ಜನ ಬರೆದು ಕಳಿಸಿದ ಕೆಟ್ಟ ಕನಸುಗಳನ್ನು ಸಣ್ಣ ವಿಡಿಯೋ ಮಾಡುತ್ತಿದ್ದವರು. ಎಡ್ಮಂಟನ್‌ನಲ್ಲಿ ತಾವು ಬೆಳೆದ ಮನೆಯಲ್ಲೇ, ಸುಮಾರು 15 ಸಾವಿರ ಡಾಲರ್‌ನಲ್ಲಿ ಅವರು ತೆಗೆದ 'ಸ್ಕಿನಮರಿಂಕ್' 2022ರಲ್ಲಿ ಬಂತು. ಇಬ್ಬರು ಪುಟ್ಟ ಮಕ್ಕಳು ರಾತ್ರಿ ಎದ್ದರೆ ಅಪ್ಪ ಕಾಣುವುದಿಲ್ಲ, ಮನೆಯ ಬಾಗಿಲು ಕಿಟಕಿ ಒಂದೊಂದೇ ಮಾಯ. ಇಷ್ಟೇ ಕಥೆ. ಮಕ್ಕಳ ಮುಖವನ್ನೂ ಸರಿಯಾಗಿ ತೋರಿಸುವುದಿಲ್ಲ. ಗೋಡೆ, ಸೀಲಿಂಗ್ ಮೂಲೆ, ಟಿವಿಯಲ್ಲಿ ಹಳೇ ಕಾರ್ಟೂನ್, ಹಿಂದೆ ಹಳೇ ಟೇಪಿನ ಹಾಗೆ ಸುರ್ರನೆ ಸದ್ದು. ಒಂದು ಕಡೆ ಹುಡುಗಿ ಮಹಡಿ ಹತ್ತಿ ಹೋಗುತ್ತಾಳೆ. ಅಪ್ಪ ಮಂಚದ ಮೇಲೆ ಕೂತಿದ್ದಾನೆ. ಮಂಚದ ಕೆಳಗೆ ನೋಡು ಅನ್ನುತ್ತಾನೆ. ಕ್ಯಾಮೆರಾ ನಿಧಾನಕ್ಕೆ ಬಗ್ಗುತ್ತದೆ. ಕತ್ತಲು ಬಿಟ್ಟರೆ ಏನೂ ಇಲ್ಲ. ತಲೆ ಎತ್ತಿದರೆ ಅಪ್ಪ ಇಲ್ಲ, ಮಂಚದ ಆಚೆ ಬದಿಗೆ ಅಮ್ಮ ಬೆನ್ನು ತಿರುಗಿಸಿ ಕೂತಿದ್ದಾಳೆ. ಇದನ್ನು ಚಕಚಕ ಕತ್ತರಿಸಿ ಎರಡು ನಿಮಿಷಕ್ಕೆ ಇಳಿಸಿದರೆ ಏನು ಉಳಿಯುತ್ತದೆ ಹೇಳಿ?

ಆ ಸಿನಿಮಾ ನೂರು ನಿಮಿಷ ಇದೆ, ನನ್ನ ಪ್ರಕಾರ ಇಪ್ಪತ್ತು ನಿಮಿಷ ಜಾಸ್ತಿಯೇ ಆಯಿತು. ಅದನ್ನು ನೋಡಿ ಹುಮ್ಮಸ್ಸು ಬಂದು, ಸುಮ್ನೆ ಕತ್ತಲೆ ತೋರಿಸಿ ಹಿಂದೆ 'ಗುಂಯ್' ಅಂತ ಸದ್ದು ಬಿಟ್ಟು ಪ್ರಯೋಗ ಅನ್ನುವವರೂ ಹುಟ್ಟಿಕೊಂಡಿದ್ದಾರೆ. ಅವರಿಗೆ ಬೇಕಾದರೆ ಲ್ಯಾಗ್ ಅನ್ನಿ, ನನ್ನ ಅಡ್ಡಿಯಿಲ್ಲ. ಆದರೆ ಕಾಯಿಸುವುದಕ್ಕೂ ಸಮಯ ಕೊಲ್ಲುವುದಕ್ಕೂ ವ್ಯತ್ಯಾಸ ಗುರುತಿಸುವುದೇ ಅಲ್ವಾ ವಿಮರ್ಶಕರ ಕೆಲಸ?

ಕನ್ನಡದಲ್ಲಿ ಇಂಥ ಹಾರರ್ ಪ್ರಯೋಗಕ್ಕೆ ಜನ ಬರುವುದಿಲ್ಲ ಅನ್ನುತ್ತಾರೆ. 2013ರ '6-5=2' ಮರೆತರೇ? ಸ್ಟಾರ್ ಇಲ್ಲ, ಹಾಡು ಕುಣಿತ ಇಲ್ಲ, ಕಾಡಿಗೆ ಟ್ರೆಕ್ಕಿಂಗ್ ಹೋದ ಹುಡುಗರ ಕ್ಯಾಮೆರಾದಲ್ಲಿ ಸಿಕ್ಕಿದ್ದು ಅನ್ನುವ ಹಾಗೆ ಕೈ ನಡುಗುವ ಚಿತ್ರಣ. ಐಡಿಯಾ 1999ರ 'ಬ್ಲೇರ್ ವಿಚ್ ಪ್ರಾಜೆಕ್ಟ್' ಕಡೆಯದು ಅನ್ನುವುದು ಎಲ್ಲರಿಗೂ ಗೊತ್ತು. ಆದರೂ ನಮ್ಮ ಕಾಡು, ನಮ್ಮ ಹುಡುಗರ ಬೈಗುಳ, ತಮಾಷೆ. ಜನ ಬಂದರು, ಮರುವರ್ಷ ಹಿಂದಿಯವರೇ ಅದನ್ನು ರೀಮೇಕ್ ಮಾಡಿದರು. ಅದಾದ ಮೇಲೆ ನಮ್ಮವರು ಅದನ್ನು ಮುಂದಕ್ಕೆ ತೆಗೆದುಕೊಂಡು ಹೋಗುವುದು ಬಿಟ್ಟು, ದೊಡ್ಡ ಬಂಗಲೆ, ಹೆದರುಪುಕ್ಕಲ ಕಾಮಿಡಿಯನ್, ಸೆಕೆಂಡ್ ಹಾಫಿನಲ್ಲಿ ಫ್ಲ್ಯಾಶ್‌ಬ್ಯಾಕ್, ಕೊನೆಗೆ ಮಂತ್ರವಾದಿ ಅನ್ನುವ ದಾರಿಗೇ ವಾಪಸ್ ಬಂದದ್ದು ಜಾಸ್ತಿ. ಅತ್ತ ಕೇರಳದಲ್ಲಿ 2024ರಲ್ಲಿ 'ಭ್ರಮಯುಗಂ' ಅಂತ ಮಮ್ಮುಟ್ಟಿಯನ್ನೇ ಹಾಕಿಕೊಂಡು, ಪೂರ್ತಿ ಕಪ್ಪು ಬಿಳುಪಿನಲ್ಲಿ, ಮೂರ್ನಾಲ್ಕು ಪಾತ್ರ ಇಟ್ಟುಕೊಂಡು ಸಿನಿಮಾ ತೆಗೆದು ಗೆದ್ದರು. ಅದನ್ನೂ ಯಾರಾದರೂ ಇಲ್ಲಿ ಬಣ್ಣ ಹಚ್ಚಿ, ಎರಡು ಹಾಡು ಸೇರಿಸಿ ರೀಮೇಕ್ ಮಾಡದಿದ್ದರೆ ಸಾಕು.

ಥಿಯೇಟರಿನವರ ಪಾಲೂ ಇದೆ. ನಮ್ಮೂರಿನ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ ಇಂಟರ್ವಲ್ ಕಾರ್ಡೇ ಇಲ್ಲದ ವಿದೇಶಿ ಹಾರರ್ ಚಿತ್ರವನ್ನು, ಹುಡುಗಿ ಬಾಗಿಲ ಚಿಲಕಕ್ಕೆ ಕೈ ಹಾಕಿದ ಹೊತ್ತಿಗೇ ಕತ್ತರಿಸಿ, ಲೈಟ್ ಹಾಕಿ, ಗುಟ್ಕಾ ಜಾಹೀರಾತು ಬಿಟ್ಟರು. ವಾಪಸ್ ಶುರುವಾದಾಗ ಅರ್ಧ ಹಾಲ್ ಪಾಪ್‌ಕಾರ್ನ್ ಹಿಡಿದು ಸೀಟು ಹುಡುಕುತ್ತಿತ್ತು. ಕೂತವರು ಆಕಳಿಸಿದ್ದರಲ್ಲಿ ಅವರ ತಪ್ಪೇನೂ ಇಲ್ಲ.

ನಿಮ್ಮ ಪತ್ರಿಕೆಗೆ ನನ್ನದೊಂದು ಸಣ್ಣ ಬೇಡಿಕೆ. ರೀಮೇಕ್ ವಿಮರ್ಶೆ ಬರೆಯುವವರು ಮೂಲ ಚಿತ್ರ ನೋಡಿದ್ದಾರಾ ಇಲ್ಲವಾ ಅಂತ ಒಂದು ಸಾಲು ಹಾಕಿ. ನೋಡಿದ್ದರೆ ಏನು ಸೇರಿಸಿದ್ದಾರೆ, ಏನು ಬಿಟ್ಟಿದ್ದಾರೆ ಹೇಳಿ, ಕೊನೆ ಮಾತ್ರ ಬಿಟ್ಟುಕೊಡಬೇಡಿ. ಟಿಕೆಟ್ ಕೊಳ್ಳಬೇಕಾ ಬೇಡವಾ ಅಂತ ನಾವು ನೋಡಿಕೊಳ್ಳುತ್ತೇವೆ.

– ಒಬ್ಬ ಪ್ರೇಕ್ಷಕ, ದಾವಣಗೆರೆ