ತರಿಸಿದ್ದು ನೇರಳೆ ಪಟ್ಟೆಯ ಗಿಡ, ಬಂದದ್ದು ಬೇರೆ: ಹಣ ವಾಪಸಾತಿಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ಎರಡು ತಿಂಗಳ ಹಿಂದೆ ನಿಮ್ಮ ಆನ್‌ಲೈನ್ ನರ್ಸರಿಯಿಂದ ಟ್ರಾಡೆಸ್ಕ್ಯಾಂಶಿಯಾ ಝೆಬ್ರಿನಾದ ನಾಲ್ಕು ಕುಂಡಗಳನ್ನು 1,196 ರೂಪಾಯಿಗೆ ತರಿಸಿದೆ. ಬಂದದ್ದು ಬೇರೆ ಗಿಡ. ಫೋನ್ ಮಾಡಿದರೆ ನಿಮ್ಮ ಸಿಬ್ಬಂದಿ, “ಮೇಡಂ, ನೆರಳಲ್ಲಿ ಬಣ್ಣ ಮಾಸಿದೆ, ಬೆಳಕಿಗಿಡಿ, ಪಟ್ಟೆ ಬರುತ್ತದೆ” ಎಂದರು. ಇಟ್ಟೆ. ಐದು ವಾರ ಕಾದೆ.

ನೆರಳಲ್ಲಿ ಝೆಬ್ರಿನಾ ಮಾಸುವುದು ನಿಜವೇ. ಆದರೆ ಬೆಳಕಲ್ಲಿ ಬಂದ ಹೊಸ ಎಲೆಯಲ್ಲಾದರೂ ನೇರಳೆ ಕಾಣಬೇಕಲ್ಲ? ಝೆಬ್ರಿನಾ ಎಲೆಯ ನಡುನರದ ಆಚೀಚೆ ಉದ್ದಕ್ಕೂ ಒಂದೊಂದು ಬೆಳ್ಳಿ ಪಟ್ಟೆ. ಮಗುಚಿದರೆ ಅಡಿಭಾಗ ಗಾಢ ನೇರಳೆ. ಆ ಬೆಳ್ಳಿ ಯಾವುದೋ ಬಣ್ಣವಲ್ಲ, ಎಲೆಯ ಹೊರಪದರದ ಕೆಳಗಿನ ಗಾಳಿಯ ಪೊಳ್ಳುಗಳಿಂದ ಬರುವ ಹೊಳಪು. ನೀವು ಕಳಿಸಿದ್ದರಲ್ಲಿ ಇರುವುದು ಬಿಳಿ ಗೀರು: ಒಂದೆಲೆಯಲ್ಲಿ ಕೂದಲೆಳೆಯಷ್ಟು, ಪಕ್ಕದ್ದರಲ್ಲಿ ಅರ್ಧಕ್ಕರ್ಧ, ಒಂದು ಕವಲಂತೂ ಅಪ್ಪಟ ಹಸಿರು. ಪತ್ರಹರಿತ್ತು ಇಲ್ಲದ ಜಾಗ ಬೆಳ್ಳಗಿದೆ, ಅಷ್ಟೇ.

ಎಲೆ ನೋಡಿ ತೀರ್ಮಾನಿಸಬೇಡಿ, ಹೂವಿಗೆ ಕಾಯಿರಿ ಎಂದು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದವಳು ನಾನು. ಕಳೆದ ವಾರ ಹೂ ಬಂತು. ಅಚ್ಚ ಬಿಳಿ, ಮೂರು ಬಿಡಿ ಎಸಳು. ಝೆಬ್ರಿನಾಕ್ಕೂ ಮೂರೇ ಎಸಳು, ಆದರೆ ಗುಲಾಬಿ ಬೆರೆತ ನೇರಳೆ, ಬುಡದಲ್ಲಿ ಕೂಡಿ ಕೊಳವೆಯಾಗಿರುತ್ತವೆ. ನೀವು ಮಾರಿದ್ದು ಟ್ರಾಡೆಸ್ಕ್ಯಾಂಶಿಯಾ ಫ್ಲುಮಿನೆನ್ಸಿಸ್ ಎಂಬ ಇನ್ನೊಂದು ಬಳ್ಳಿ. ಝೆಬ್ರಿನಾ ಮೆಕ್ಸಿಕೊದಿಂದ ಕೊಲಂಬಿಯಾವರೆಗಿನದು, ಇದು ಬ್ರೆಜಿಲ್ ಕಡೆಯದು. ಕುಲ ಒಂದೇ, ಗಿಡ ಒಂದೇ ಅಲ್ಲ.

ಹಣಕ್ಕಿಂತ ನನಗೆ ಸಿಟ್ಟು ತರಿಸಿದ್ದು ಕುಂಡದ ಚೀಟಿ. ‘ಸಾಕುಪ್ರಾಣಿಗಳಿಗೆ ಸುರಕ್ಷಿತ’ ಎಂದು ಅಚ್ಚು ಹಾಕಿದ್ದೀರಿ. ಈ ಎರಡು ಗಿಡಗಳಲ್ಲಿ ಯಾವುದಕ್ಕೂ ಆ ಮಾತು ಸಲ್ಲದು. ರಸ ತಾಗಿದರೆ ನಾಯಿಗಳಿಗೆ ತುರಿಕೆ ಏಳುತ್ತದೆ. ಜಗಲಿಯಲ್ಲಿ ಈ ಬಳ್ಳಿಯ ಮೇಲೇ ಮಲಗುತ್ತಿದ್ದ ನಮ್ಮ ನಾಯಿಯ ಹೊಟ್ಟೆ ಕೆಂಪಾಗಿ, ಪಶುವೈದ್ಯರಿಗೆ 600 ರೂಪಾಯಿ ತೆತ್ತಿದ್ದೇನೆ.

ಗಿಡದ ಹಣ, ವೈದ್ಯರ ಖರ್ಚು ಎರಡನ್ನೂ 15 ದಿನದೊಳಗೆ ಕೊಡಿ, ಚೀಟಿಯ ಆ ಸಾಲು ತೆಗೆಯಿರಿ. ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲು, ಹೂವಿನ ಫೋಟೊ ಲಗತ್ತಿಸಿದ್ದೇನೆ. ಕುಂಡಗಳನ್ನು ನಿಮ್ಮ ಖರ್ಚಿನಲ್ಲೇ ಒಯ್ಯಿರಿ. ಗೆಣ್ಣು ನೆಲಕ್ಕೆ ತಾಗಿದಲ್ಲೆಲ್ಲ ಬೇರು ಬಿಡುವ ಇದನ್ನು ಮೋರಿ ಪಕ್ಕ ಎಸೆಯಲು ನನಗೆ ಮನಸ್ಸಿಲ್ಲ.

ಬದಲಿ ಗಿಡ ಬೇಡ. ಪಕ್ಕದ ಮನೆಯವರು ಝೆಬ್ರಿನಾದ ಒಂದು ತುಂಡು ಮುರಿದುಕೊಟ್ಟರು, ನೀರಿನ ಲೋಟದಲ್ಲಿ ಆಗಲೇ ಬೇರು ಬಿಟ್ಟಿದೆ.

ಇಂತಿ,
ನಿಮ್ಮ ಗ್ರಾಹಕಿ, ಶಿವಮೊಗ್ಗ